ಕಂಬ ಒಡೆಯುವ ಹೊತ್ತು

(ಗಂಡಸಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ. ವಿಷಯ: ಅನಿಮೇಶನ್ ಕಥಾಸರಣಿ ನಟರ ಸಿನಿಮಾ ಆಗುವ ಬಗೆ)



ಅರಸೀಕೆರೆ, ತಿಪಟೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವ ಲೆಕ್ಕಾಚಾರ ಪೇಟೆಯವರಿಗೆ ತಲೆಕೆಳಗಾಗಿ ಕಾಣುತ್ತದೆ. ಇಲ್ಲಿ ನಟನಿಗೆ ಸಂಭಾವನೆ ಇಲ್ಲ, ನಟನೇ ದುಡ್ಡು ಹಾಕಬೇಕು. ‘ಕುರುಕ್ಷೇತ್ರ’ವಾದರೆ ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಸಣ್ಣಪುಟ್ಟ ಪಾತ್ರಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟರ ಸಂಬಳ, ಬಾಡಿಗೆ ಸೀನರಿ, ಡ್ರೆಸ್ಸು, ಲೈಟು, ಮೈಕು ಎಲ್ಲವೂ ಆ ದುಡ್ಡಿನಲ್ಲೇ ಆಗಬೇಕು. ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಯುತ್ತದೆ. ಹಗಲೆಲ್ಲ ಕಾಯಿ ಸುಲಿದ ಕೈ ರಾತ್ರಿ ಗದೆ ಹಿಡಿಯುತ್ತದೆ. ಬಿದಿರ ದಬ್ಬೆಗೆ ಬಣ್ಣದ ಕಾಗದ ಮೆತ್ತಿದ ಗದೆ ಅದು, ತೂಕವೇ ಇಲ್ಲ. ಆದರೂ ಅದನ್ನು ಹೆಗಲಿಗೇರಿಸುವಾಗ ಪಾತ್ರಧಾರಿ ಒಂದು ಗಳಿಗೆ ಮಂಡಿ ಬಗ್ಗಿಸಿ, ಉಸಿರು ಹಿಡಿದು, ಸೊಂಟ ತಿರುಗಿಸುತ್ತಾನೆ. ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತ ಮಕ್ಕಳಿಗೆ ಗದೆ ಭಾರವಾಗಿದೆ ಎನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ.

ಗಂಡಸಿಯಲ್ಲಿ ಅನಿಮೇಶನ್ ಬಗ್ಗೆ ಉಪನ್ಯಾಸವೇ ಎಂದು ಹುಬ್ಬೇರಿಸುವವರಿಗೆ ಆ ಮಂಡಿ ಬಗ್ಗಿಸಿದ ಗಳಿಗೆಯೇ ಉತ್ತರ. ಇಲ್ಲದ ಭಾರವನ್ನು ಮೈಯಲ್ಲಿ ತೋರಿಸುವ ವಿದ್ಯೆ ಈ ಸೀಮೆಗೆ ಹಳೆಯದು. ಕೋಟಿಗಟ್ಟಲೆ ಸುರಿದು ಅನಿಮೇಶನ್ ಕಥೆಗಳಿಗೆ ನಟರ ಮೈ ತೊಡಿಸಲು ಹೊರಟ ಸಿನಿಮಾ ಕಂಪನಿಗಳು ಎಡವುತ್ತಿರುವುದು ಇದೇ ಜಾಗದಲ್ಲಿ.

2025ರ ಜುಲೈ 25ರಂದು ‘ಮಹಾವತಾರ ನರಸಿಂಹ’ ತೆರೆಗೆ ಬಂತು. ನಿರ್ದೇಶಕ ಅಶ್ವಿನ್ ಕುಮಾರ್. ತಯಾರಿಸಿದ್ದು ಕ್ಲೀಮ್ ಪ್ರೊಡಕ್ಷನ್ಸ್, ಅರ್ಪಿಸಿದ್ದು ‘ಕೆಜಿಎಫ್’, ‘ಕಾಂತಾರ’ಗಳ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ಹಿಂದಿನ ನವೆಂಬರಿನಲ್ಲಿ ಗೋವಾದ ಚಿತ್ರೋತ್ಸವದಲ್ಲಿ ಅದನ್ನು ತೋರಿಸಿದ್ದಾಗ ಹೆಚ್ಚು ಜನ ಗಮನಿಸಿರಲಿಲ್ಲ. ಬಿಡುಗಡೆಯಾದ ಮೇಲೆ ಕಥೆ ಬೇರೆಯಾಯಿತು. ತಾರೆಯ ಮುಖವೇ ಇಲ್ಲದ, ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಬಂದ ಈ ಚಿತ್ರ 300 ಕೋಟಿ ರೂಪಾಯಿಗೂ ಮೀರಿ ಗಳಿಸಿತು. ಭಾರತದ ಬೇರೆ ಯಾವ ಅನಿಮೇಶನ್ ಚಿತ್ರವೂ ಅಷ್ಟು ದುಡ್ಡು ಕಂಡಿಲ್ಲ. ಅಜ್ಜ-ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಟಾಕೀಸಿಗೆ ಬಂದರು, ನರಸಿಂಹ ಕಾಣಿಸಿಕೊಂಡಾಗ ಕೈ ಮುಗಿದರು.

ಇದು ಒಂದೇ ಚಿತ್ರವಲ್ಲ, ಏಳು ಚಿತ್ರಗಳ ಸರಣಿ. 2027ಕ್ಕೆ ಪರಶುರಾಮ, 2029ಕ್ಕೆ ರಘುನಂದನ, 2031ಕ್ಕೆ ದ್ವಾರಕಾಧೀಶ, 2033ಕ್ಕೆ ಗೋಕುಲಾನಂದ, 2035 ಮತ್ತು 2037ಕ್ಕೆ ಕಲ್ಕಿಯ ಎರಡು ಭಾಗ ಎಂದು ಪಟ್ಟಿ ಹೊರಬಿದ್ದಿದೆ. ಗೆರೆಯ ಚಿತ್ರದಲ್ಲಿ ಗೆದ್ದ ಕಥೆಯನ್ನು ನಟರಿಂದ ಮಾಡಿಸಿ ನೋಡುವ ಆಸೆ ಜಗತ್ತಿನ ಎಲ್ಲ ಸಿನಿಮಾ ಪೇಟೆಗಳಲ್ಲೂ ಇದೆ. ಉದ್ಯಮದವರು ಅದನ್ನು ‘ಲೈವ್ ಆಕ್ಷನ್’ ಎನ್ನುತ್ತಾರೆ, ಇಲ್ಲಿ ‘ನಟರ ಸಿನಿಮಾ’ ಎಂದರೆ ಸಾಕು. ನಾಳೆ ಯಾರಾದರೂ ಈ ನರಸಿಂಹನನ್ನು ನಟರ ಸಿನಿಮಾ ಮಾಡಲು ಹೊರಟರೆ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು, ಯಾರನ್ನು ಕೇಳಬೇಕು ಎಂಬುದೇ ಈ ಉಪನ್ಯಾಸದ ಪ್ರಶ್ನೆ.

ಢೋಲಕಪುರದ ಲಡ್ಡು

ಮೊದಲು ಪಕ್ಕದ ಹೈದರಾಬಾದಿನ ಅನುಭವ. ಅಲ್ಲಿನ ಗ್ರೀನ್ ಗೋಲ್ಡ್ ಅನಿಮೇಶನ್ ಸಂಸ್ಥೆಯ ರಾಜೀವ್ ಚಿಲಕಾ ಕಲ್ಪಿಸಿದ ‘ಛೋಟಾ ಭೀಮ್’ 2008ರಲ್ಲಿ ಪೋಗೋ ವಾಹಿನಿಯಲ್ಲಿ ಶುರುವಾಯಿತು. ಭೀಮನ ಊರು ಢೋಲಕಪುರ, ಚುಟ್ಕಿ, ರಾಜು, ಜಗ್ಗು ಕೋತಿ, ಕಾಲಿಯಾ ಎಂಬ ಹೆಸರುಗಳು ಗೊತ್ತಿಲ್ಲದ ಮಕ್ಕಳಿಲ್ಲ. ಈ ಊರಿನ ಮಕ್ಕಳ ಕಂಪಾಸ್ ಬಾಕ್ಸಿನ ಮೇಲೂ ಕೇಸರಿ ಪಂಚೆಯ ಆ ಹುಡುಗ ಇದ್ದಾನೆ. 2012ರಲ್ಲಿ ಅದೇ ಸರಣಿಯಿಂದ ‘ಕರ್ಸ್ ಆಫ್ ದಮ್ಯಾನ್’ ಎಂಬ ಅನಿಮೇಶನ್ ಸಿನಿಮಾ ಬಂತು. ಹನ್ನೆರಡು ವರ್ಷ ಬಿಟ್ಟು, 2024ರ ಮೇ 31ರಂದು, ಅದೇ ಕಥೆ ಅದೇ ಹೆಸರಿನಲ್ಲಿ ನಟರ ಸಿನಿಮಾ ಆಗಿ ಬಂತು. ನಿರ್ದೇಶಕ ಚಿಲಕಾ ಅವರೇ. ಭೀಮನಾಗಿ ಯಜ್ಞ ಭಸೀನ್, ಗುರು ಶಂಭುವಾಗಿ ಅನುಪಮ್ ಖೇರ್, ಸ್ಕಂದಿಯಾಗಿ ಮಕರಂದ ದೇಶಪಾಂಡೆ.

ಸರಣಿಗೆ ಸಿಕ್ಕ ಪ್ರೀತಿಯಲ್ಲಿ ಒಂದು ಪಾಲೂ ಸಿನಿಮಾಕ್ಕೆ ಸಿಗಲಿಲ್ಲ. ನಟರು ಕೆಟ್ಟವರೆಂದಲ್ಲ. ಕಷ್ಟ ಎಲ್ಲಿದೆ ಎಂದು ತಿಳಿಯಲು ಲಡ್ಡುವನ್ನೇ ನೋಡಬೇಕು. ಅನಿಮೇಶನ್ ಸರಣಿಯಲ್ಲಿ ಭೀಮ ಲಡ್ಡು ಬಾಯಿಗೆ ಹಾಕಿಕೊಂಡ ಕೂಡಲೇ ಕೆನ್ನೆ ಚೆಂಡಿನಂತೆ ಉಬ್ಬುತ್ತದೆ, ತೋಳು ಹಿಗ್ಗುತ್ತದೆ, ಮರುಗಳಿಗೆಯಲ್ಲಿ ಪೈಲ್ವಾನನೊಬ್ಬ ಆಕಾಶದಲ್ಲಿ ಚುಕ್ಕಿಯಾಗುತ್ತಾನೆ. ಗೆರೆಗೆ ಮೂಳೆ ಇಲ್ಲ. ಅದನ್ನು ಎಷ್ಟು ಬೇಕಾದರೂ ಎಳೆಯಬಹುದು, ಕುಗ್ಗಿಸಬಹುದು. ಅನಿಮೇಶನ್ ಕಲಿಯುವವರಿಗೆ ಮೊದಲ ಪಾಠವೇ ಈ ಹಿಗ್ಗು-ಕುಗ್ಗು. ನಗು ಬರುವುದೂ ಅದರಿಂದಲೇ. ಅದೇ ದೃಶ್ಯದಲ್ಲಿ ನಿಜವಾದ ಹುಡುಗನೊಬ್ಬ ಲಡ್ಡು ತಿಂದು ಆಳೆತ್ತರದ ಮನುಷ್ಯನನ್ನು ಎತ್ತಿ ಎಸೆದರೆ ಕಣ್ಣು ಬೇರೆ ಪ್ರಶ್ನೆ ಕೇಳುತ್ತದೆ: ಕಾಲು ಎಲ್ಲಿ ಊರಿದ್ದಾನೆ, ಬೆನ್ನು ಯಾಕೆ ಬಾಗಲಿಲ್ಲ? ಸೊಂಟಕ್ಕೆ ಕಟ್ಟಿದ ವೈರನ್ನು ಕಂಪ್ಯೂಟರಿನಲ್ಲಿ ಅಳಿಸಿಬಿಡಬಹುದು. ವೈರು ಎಳೆದಾಗ ಮೈ ಹಗುರಾದದ್ದನ್ನು ಅಳಿಸಲಾಗುವುದಿಲ್ಲ.

ಒಂದು ಕಲ್ಲು ಎತ್ತಲು ಎಷ್ಟು ಜನ?

ಇದಕ್ಕಿಂತ ದೊಡ್ಡ ಪಾಠ ಅಮೆರಿಕದ್ದು. ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ 2005ರಿಂದ 2008ರವರೆಗೆ ನಿಕಲೋಡಿಯನ್ ವಾಹಿನಿಯಲ್ಲಿ 61 ಕಂತುಗಳಲ್ಲಿ ಬಂದ ಅನಿಮೇಶನ್ ಸರಣಿ. ಮೈಕಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯನ್ ಕೊನಿಯೆಟ್ಜ್ಕೊ ಅದರ ಸೃಷ್ಟಿಕರ್ತರು. ನೀರು, ಮಣ್ಣು, ಬೆಂಕಿ, ಗಾಳಿಗಳನ್ನು ಪಳಗಿಸುವ ನಾಲ್ಕು ನಾಡುಗಳ ಕಥೆ. ಹೆಸರೇ ಸಂಸ್ಕೃತದ್ದು. ಈ ಸರಣಿಯ ಚಿತ್ರಕಾರರು ಕೈಕಾಲುಗಳನ್ನು ಮನಸ್ಸಿಗೆ ಬಂದಂತೆ ಬರೆಯಲಿಲ್ಲ. ನೀರಿನವರಿಗೆ ತಾಯ್ ಚಿ, ಮಣ್ಣಿನವರಿಗೆ ಹುಂಗ್ ಗಾರ್, ಬೆಂಕಿಯವರಿಗೆ ಉತ್ತರ ಶಾವೊಲಿನ್, ಗಾಳಿಯವರಿಗೆ ಬಾಗುವಾ ಎಂದು ಚೀನಾದ ನಾಲ್ಕು ಕಾಳಗ ವಿದ್ಯೆಗಳನ್ನು ಆರಿಸಿ, ಗುರುವನ್ನು ಪಕ್ಕದಲ್ಲಿಟ್ಟುಕೊಂಡು ಬರೆದರು. ಗೆರೆಯ ಅಡಿಯಲ್ಲಿ ನಿಜವಾದ ಮೈ ಇತ್ತು.

2010ರಲ್ಲಿ ಇದನ್ನು ನಟರ ಸಿನಿಮಾ ಮಾಡಿದವರು ಮಾಹೆಯಲ್ಲಿ ಹುಟ್ಟಿದ ಎಂ. ನೈಟ್ ಶ್ಯಾಮಲನ್. ಮೊದಲ ಭಾಗದ 20 ಕಂತುಗಳನ್ನು ಒಂದೂಮುಕ್ಕಾಲು ಗಂಟೆಗೂ ಕಡಿಮೆ ಅವಧಿಗೆ ಇಳಿಸಿದರು. ಏಳೂವರೆ ಗಂಟೆಯ ಕಥೆ ಅದು. ಕಣಜದ ರಾಗಿಯನ್ನು ಸೇರಿನಲ್ಲಿ ತುಂಬಿದ ಹಾಗಾಯಿತು. ಪಾತ್ರಗಳು ಬದುಕುವುದನ್ನು ಬಿಟ್ಟು ಹಿಂದಿನದನ್ನು ವಿವರಿಸುತ್ತ ನಿಂತವು. ಏಷ್ಯಾದ ಮುಖಗಳಿದ್ದ ಮುಖ್ಯ ಪಾತ್ರಗಳಿಗೆ ಬಿಳಿಯ ನಟರನ್ನು ಹಾಕಿದ್ದು ದೊಡ್ಡ ಜಗಳವಾಯಿತು. ವರ್ಷದ ಅತಿ ಕೆಟ್ಟ ಚಿತ್ರಕ್ಕೆ ಕೊಡುವ ರಾಜಿ ಪ್ರಶಸ್ತಿಯೂ ಬಂತು.

ಆ ಚಿತ್ರದ ಒಂದು ದೃಶ್ಯವನ್ನು ಇವತ್ತಿಗೂ ಜನ ಆಡಿಕೊಂಡು ನಗುತ್ತಾರೆ. ಸೆರೆಯಾಳುಗಳಾಗಿದ್ದ ಮಣ್ಣಿನವರು ತಿರುಗಿಬೀಳುತ್ತಾರೆ. ಸಾಲಾಗಿ ನಿಂತು ಕಾಲು ಅಪ್ಪಳಿಸುತ್ತಾರೆ, ಕೈ ಬೀಸುತ್ತಾರೆ, ಮತ್ತೆ ಅಪ್ಪಳಿಸುತ್ತಾರೆ. ಇಷ್ಟೆಲ್ಲ ಆದಮೇಲೆ ಒಂದು ಸಣ್ಣ ಬಂಡೆ ಮೆಲ್ಲಗೆ ತೇಲಿ ಪರದೆಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಅನಿಮೇಶನ್ ಸರಣಿಯಲ್ಲಿ ಒಬ್ಬನ ಒಂದು ಗುದ್ದಿಗೆ ಒಂದು ಬಂಡೆ ಸಿಡಿಯುತ್ತಿತ್ತು. ಸಿನಿಮಾದಲ್ಲಿ ಮೈ ಮಾಡಿದ ಕೆಲಸವೇ ಬೇರೆ, ಕಲ್ಲು ಹೋದ ದಾರಿಯೇ ಬೇರೆ. ಗದೆ ಎತ್ತುವ ಮುನ್ನ ಮಂಡಿ ಬಗ್ಗಿಸುವ ಹಳ್ಳಿಯ ದುರ್ಯೋಧನನಿಗೆ ಈ ತಪ್ಪು ತಟ್ಟನೆ ಕಾಣುತ್ತಿತ್ತು.

ನೆಟ್‌ಫ್ಲಿಕ್ಸ್ 2024ರ ಫೆಬ್ರುವರಿಯಲ್ಲಿ ಅದೇ ಕಥೆಯನ್ನು ಎಂಟು ಕಂತುಗಳಲ್ಲಿ ತಂದಿತು. ಮುಖಗಳನ್ನು ಸರಿಯಾಗಿ ಆರಿಸಿದರು, ಅವಧಿಯನ್ನೂ ಕೊಟ್ಟರು. ಆದರೆ ಮೂಲ ಸೃಷ್ಟಿಕರ್ತರಿಬ್ಬರೂ 2020ರಲ್ಲೇ ಹೊರನಡೆದಿದ್ದರು. ಇದಕ್ಕೆ ಎದುರಾಗಿ ಜಪಾನಿನ ‘ಒನ್ ಪೀಸ್’ ಇದೆ. 2023ರಲ್ಲಿ ಅದರ ನಟರ ರೂಪ ಬಂದಾಗ ಮೂಲ ಕಾಮಿಕ್ಸ್ ಸರಣಿಯ ಕರ್ತೃ ಎಯಿಚಿರೊ ಓಡಾ ಜೊತೆಗಿದ್ದರು. ಕೈ ರಬ್ಬರಿನಂತೆ ಉದ್ದವಾಗುವ ಹುಡುಗನ ಆ ಕಥೆ ನಟರಿಂದ ಆಗದ್ದೆಂದು ಹೇಳುತ್ತಿದ್ದವರೇ ಕೂತು ನೋಡಿದರು. ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ನ 2010ರ ಅನಿಮೇಶನ್ ಚಿತ್ರವನ್ನು ನಿರ್ದೇಶಿಸಿದ ಇಬ್ಬರಲ್ಲಿ ಒಬ್ಬರಾದ ಡೀನ್ ಡೆಬ್ಲೊವಾ ಅವರೇ 2025ರ ನಟರ ಚಿತ್ರವನ್ನೂ ಮಾಡಿದರು, ಅದೂ ಗೆದ್ದಿತು. ಹಾಗೆಂದು ಮೂಲ ಕರ್ತೃ ಇದ್ದ ಮಾತ್ರಕ್ಕೆ ಗೆಲುವು ಕಟ್ಟಿಟ್ಟದ್ದೆನ್ನಲು ಢೋಲಕಪುರ ಬಿಡುವುದಿಲ್ಲ.

ಬೆಂಗಳೂರಿನಲ್ಲಿ ಬೆಳೆದ ಕೇಸರ

ಗ್ರಾಫಿಕ್ಸ್ ಇರುವಾಗ ಮೈಯ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಗ್ರಾಫಿಕ್ಸ್ ಕರ್ನಾಟಕಕ್ಕೆ ಹೊಸದೇನಲ್ಲ. ಅನಿಮೇಶನ್ ಮತ್ತು ದೃಶ್ಯ ಪರಿಣಾಮಗಳ ಉದ್ಯಮಕ್ಕೆಂದು ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ತಂದ ರಾಜ್ಯ ಇದು. ಡಿಸ್ನಿಯ 2016ರ ‘ದಿ ಜಂಗಲ್ ಬುಕ್’ ಮತ್ತು 2019ರ ‘ದಿ ಲಯನ್ ಕಿಂಗ್’ ಚಿತ್ರಗಳ ಪ್ರಾಣಿಗಳನ್ನು ಸೃಷ್ಟಿಸಿದ ಎಂಪಿಸಿ ಸಂಸ್ಥೆಗೆ ಬೆಂಗಳೂರಿನಲ್ಲಿ ದೊಡ್ಡ ಸ್ಟುಡಿಯೊ ಇತ್ತು. ಆಫ್ರಿಕದ ಸಿಂಹದ ಕೇಸರ ಕೂದಲು ಕೂದಲಾಗಿ ಬೆಳೆದದ್ದರಲ್ಲಿ ಕನ್ನಡ ನಾಡಿನ ಹುಡುಗ ಹುಡುಗಿಯರ ಕೈಯೂ ಇದೆ. 2025ರ ಫೆಬ್ರುವರಿಯಲ್ಲಿ ಆ ಸಂಸ್ಥೆಯ ಒಡೆತನ ಹೊಂದಿದ್ದ ಟೆಕ್ನಿಕಲರ್ ಸಮೂಹ ಕುಸಿದಾಗ ಭಾರತದಲ್ಲಿ ಸಾವಿರಾರು ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡರು. ಅವರಲ್ಲಿ ಬಹುಪಾಲು ಬೆಂಗಳೂರಿನವರೇ.

‘ಜಂಗಲ್ ಬುಕ್’ ಚಿತ್ರವನ್ನು ಮಧ್ಯಪ್ರದೇಶದ ಕಾಡಿನಲ್ಲಿ ತೆಗೆಯಲಿಲ್ಲ, ಲಾಸ್ ಏಂಜಲೀಸಿನ ಸ್ಟುಡಿಯೊದೊಳಗೆ ತೆಗೆದರು. ಮೌಗ್ಲಿಯಾದ ನೀಲ್ ಸೇಠಿ ಎಂಬ ಹುಡುಗನ ಹೊರತು ಕಾಡು, ಕರಡಿ, ಹುಲಿ ಎಲ್ಲ ಕಂಪ್ಯೂಟರಿನವು. ಆದರೆ ಚಿತ್ರೀಕರಣದ ಹೊತ್ತಿಗೆ ಹುಡುಗನ ಎದುರು ಗೊಂಬೆಯಾಟದವರನ್ನು ನಿಲ್ಲಿಸಿದ್ದರು. ತೋಳದ ಗೊಂಬೆಯನ್ನು ಕೈಗೆ ತೊಟ್ಟು ಅವರು ಆಡಿದ ಮೇಲೆಯೇ ಹುಡುಗನ ಕಣ್ಣಿಗೆ ಎದುರಿನದು ಪ್ರಾಣಿಯಾಗಿ ಕಂಡದ್ದು. ಆ ಚಿತ್ರಕ್ಕೆ ದೃಶ್ಯ ಪರಿಣಾಮಗಳ ಆಸ್ಕರ್ ಬಂತು. ಅದೇ ನಿರ್ದೇಶಕ ಜಾನ್ ಫಾವ್ರೊ ಮಾಡಿದ ‘ಲಯನ್ ಕಿಂಗ್’ನಲ್ಲಿ ಮನುಷ್ಯ ಮುಖವೇ ಇರಲಿಲ್ಲ. ಸಿಂಹಗಳು ಪ್ರಾಣಿಶಾಸ್ತ್ರದ ಪುಸ್ತಕದಿಂದ ಎದ್ದು ಬಂದಷ್ಟು ನಿಜವಾಗಿದ್ದವು. ತಂದೆ ಸತ್ತಾಗಲೂ ಮರಿಸಿಂಹದ ಮುಖದಲ್ಲಿ ಏನೂ ಅಲುಗಲಿಲ್ಲ ಎಂದು ವಿಮರ್ಶಕರು ಬೇಸರಪಟ್ಟರು. ಚಿತ್ರ ದುಡ್ಡನ್ನೇನೋ ರಾಶಿ ಮಾಡಿತು. ನಿಜವಾದ ಸಿಂಹ ಅಳುವುದಿಲ್ಲವಲ್ಲ!

ನರಸಿಂಹನನ್ನು ತೆರೆಗೆ ತರಬೇಕೆನ್ನುವವರಿಗೆ ಇದು ನೇರವಾಗಿ ತಾಗುವ ಮಾತು. ಗಿರ್ ಕಾಡಿನ ಸಿಂಹದ ತಲೆಯನ್ನು ಅಳತೆ ತಪ್ಪದೆ ತಂದು ಮನುಷ್ಯನ ಕುತ್ತಿಗೆಯ ಮೇಲೆ ಕೂರಿಸಿದರೆ ಅದು ಮೃಗಾಲಯದ ಸಿಂಹವಾಗಿಯೇ ಉಳಿಯುತ್ತದೆ.

ಹಳೇಬೀಡಿನ ಶಿಲ್ಪಿ ಬಿಡಿಸಿದ ಲೆಕ್ಕ

ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಪಟ್ಟಿಕೆಗಳನ್ನು ಕೆಳಗಿನಿಂದ ಓದುತ್ತ ಹೋದರೆ ಮೊದಲು ಆನೆ, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ಪುರಾಣದ ಕಥೆ, ಆಮೇಲೆ ಮಕರ, ಎಲ್ಲಕ್ಕೂ ಮೇಲೆ ಹಂಸ. ಆನೆಯೂ ಕುದುರೆಯೂ ಶಿಲ್ಪಿ ಕಣ್ಣಾರೆ ಕಂಡವು. ಮಕರವನ್ನು ಯಾರೂ ಕಂಡಿಲ್ಲ. ಹಳೇಬೀಡಿನ ಗೈಡುಗಳು ಅದನ್ನು ಬೆರಳಿಟ್ಟು ಬಿಡಿಸಿ ತೋರಿಸುತ್ತಾರೆ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ. ಒಂದೊಂದು ಅಂಗವೂ ನಿಜ, ಇಡೀ ಪ್ರಾಣಿ ಕಲ್ಪನೆ. ನೋಡುವವನ ಕಣ್ಣು ಗೊತ್ತಿರುವ ಅಂಗಗಳನ್ನು ನಂಬಿ ಗೊತ್ತಿಲ್ಲದ ಪ್ರಾಣಿಯನ್ನು ಒಪ್ಪಿಕೊಳ್ಳುತ್ತದೆ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಬಳಪದ ಕಲ್ಲಿನಲ್ಲಿ ಬಿಡಿಸಿದ ಈ ಲೆಕ್ಕವನ್ನೇ ಇವತ್ತಿನ ಗ್ರಾಫಿಕ್ಸ್‌ನವರೂ ಬಿಡಿಸುತ್ತಿದ್ದಾರೆ.

ಇದೇ ಶಿಲ್ಪಿಗಳು ನರಸಿಂಹನ ಮುಖಕ್ಕೆ ಬಂದಾಗ ದಾರಿ ಬದಲಿಸಿದರು. ಬೇಲೂರು, ಹಳೇಬೀಡುಗಳ ಉಗ್ರ ನರಸಿಂಹನ ಮುಖವನ್ನು ಹತ್ತಿರದಿಂದ ನೋಡಬೇಕು. ಕಣ್ಣು ಗೋಲಿಯಂತೆ ಹೊರಗೆ ಬಂದಿವೆ, ಬಾಯಿ ಅಗಲವಾಗಿ ತೆರೆದಿದೆ, ಕೇಸರ ಕೂದಲಿನಂತಿಲ್ಲ, ಕೆತ್ತಿದ ಒಡವೆಯಂತಿದೆ. ಬಾಗಿಲವಾಡದ ಮೇಲಿನ ಕೀರ್ತಿಮುಖಕ್ಕೆ ಹತ್ತಿರದ ನೆಂಟನಂತೆ ಕಾಣುತ್ತದೆ. ಅಂದರೆ ಶಿಲ್ಪಿಗೆ ಬೇಕಾದದ್ದು ಮುಖವಾಡ. ತೊಡೆಯ ಮೇಲೆ ಬಿದ್ದ ಹಿರಣ್ಯಕಶಿಪುವಿನ ಮೈಯನ್ನು ಮಾತ್ರ ಅದೇ ಕೈ ಬಹಳ ನಿಜವಾಗಿ ಕೆತ್ತಿದೆ. ಬೆನ್ನು ಕಮಾನಾಗಿದೆ, ಕಾಲು ಜೋತುಬಿದ್ದಿವೆ, ಕರುಳು ಹೊರಬಂದಿದೆ. ದೇವರನ್ನು ಮುಖವಾಡದಲ್ಲಿಟ್ಟು ಅವನ ಭಾರವನ್ನು ಸಾಯುವವನ ಮೈಯಲ್ಲಿ ತೋರಿಸಿದ್ದಾರೆ.

ಕಲ್ಲಿನಿಂದ ಸಿನಿಮಾಕ್ಕೆ ಈ ಸೀಮೆಯಿಂದ ಒಂದು ದಾರಿ ಹಿಂದೆಯೇ ಬಿದ್ದಿದೆ. ಬಿ.ಎಸ್. ರಂಗಾ ಅವರ 1964ರ ‘ಅಮರಶಿಲ್ಪಿ ಜಕಣಾಚಾರಿ’ ಬೇಲೂರಿನ ಶಿಲ್ಪಕಲೆಯ ಸುತ್ತ ಹೆಣೆದ ಐತಿಹ್ಯದ ಚಿತ್ರ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರವೂ ಹೌದು. ಕಲ್ಯಾಣ್‌ಕುಮಾರ್ ಜಕಣಾಚಾರಿಯಾದರು. ಜಕಣನ ಕಥೆ ಇತಿಹಾಸವೋ ಐತಿಹ್ಯವೋ ಎಂಬ ಚರ್ಚೆ ಇನ್ನೂ ಇದೆ. ಉಳಿ ಹಿಡಿದ ನಟನ ಕೈಯನ್ನು ನೋಡಿದ ಜನಕ್ಕೆ ಆ ಚರ್ಚೆ ಅಡ್ಡ ಬರಲಿಲ್ಲ.

ಹಿರಣ್ಯಕಶಿಪು ಹೊರಗಿನಿಂದ ಬರಬೇಕಾಗಿಲ್ಲ

ಜಪಾನಿನ ಯುಗೋ ಸಾಕೋ ರಾಮಾಯಣವನ್ನು ಅನಿಮೇಶನ್‌ನಲ್ಲಿ ಮಾಡಲು ಹೊರಟಾಗ ಅವರಿಗೊಂದು ದೃಢ ನಿಲುವಿತ್ತು. ರಾಮ ದೇವರು, ಆದ್ದರಿಂದ ನಟನೊಬ್ಬ ಅವನಾಗುವುದಕ್ಕಿಂತ ಗೆರೆಯ ಚಿತ್ರದಲ್ಲಿ ತೋರಿಸುವುದೇ ಸರಿ ಎಂದು ಅವರು ನಂಬಿದ್ದರು. ಭಾರತದ ರಾಮ್ ಮೋಹನ್ ಮತ್ತು ಜಪಾನಿನ ಕೊಯಿಚಿ ಸಸಾಕಿ ಅವರ ಜೊತೆ ಸೇರಿ ಅವರು ತಂದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಮತ್ತೆ ಬಂತು.

ಸಾಕೋ ಅವರ ನಿಲುವಿಗೆ ಗೌರವ ಕೊಡುತ್ತಲೇ ಹೇಳಬೇಕು, ಕನ್ನಡಿಗರು ಆ ಸಂಕೋಚವನ್ನು ಎಂದೂ ಇಟ್ಟುಕೊಂಡವರಲ್ಲ. ಬಣ್ಣ ಹಚ್ಚಿದ ಮೇಲೆ ಊರಿನ ಹುಡುಗನೇ ಕೃಷ್ಣ. ಚೌಕಿಯಲ್ಲಿ ಕಿರೀಟಕ್ಕೆ ಕೈ ಮುಗಿದೇ ವೇಷಧಾರಿ ರಂಗಕ್ಕೆ ಹೊರಡುತ್ತಾನೆ. ಕರಾವಳಿಯ ದೈವಾರಾಧನೆಯಲ್ಲಿ ಪಂಜುರ್ಲಿ ಹಂದಿಯ ಮೊಗದಲ್ಲಿ ಬರುತ್ತದೆ, ಒಳಗಿರುವುದು ಮನುಷ್ಯ ಎಂದು ಎಲ್ಲರಿಗೂ ಗೊತ್ತು, ಆದರೂ ಅದರ ಮಾತಿಗೆ ಊರೇ ತಲೆಬಾಗುತ್ತದೆ. 2022ರ ‘ಕಾಂತಾರ’ದ ಕೊನೆಯ ಇಪ್ಪತ್ತು ನಿಮಿಷ ಗೆದ್ದದ್ದು ಇದೇ ಬಲದಿಂದ. ಅಲ್ಲಿ ರಿಷಬ್ ಶೆಟ್ಟಿ ಅವರ ಮೈ, ಉಸಿರು, ಕೂಗು ಮುಂದೆ ನಿಂತಿವೆ, ಗ್ರಾಫಿಕ್ಸ್ ಹಿಂದೆ ಸರಿದಿದೆ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ನರಸಿಂಹನ ಕಥೆಯೇ 1983ರಲ್ಲಿ ಕನ್ನಡದಲ್ಲಿ ನಟರ ಸಿನಿಮಾ ಆಗಿ ಬಂದಿತ್ತು, ‘ಭಕ್ತ ಪ್ರಹ್ಲಾದ’. ನಿರ್ದೇಶಕ ವಿಜಯ್. ಹಿರಣ್ಯಕಶಿಪು ಡಾ. ರಾಜ್‌ಕುಮಾರ್, ಪ್ರಹ್ಲಾದ ಅವರ ಮಗ ಮಾಸ್ಟರ್ ಲೋಹಿತ್, ಅಂದರೆ ಮುಂದೆ ಪುನೀತ್ ರಾಜ್‌ಕುಮಾರ್ ಆದ ಹುಡುಗ. ಕಯಾದು ಸರಿತಾ, ನಾರದ ಅನಂತ್ ನಾಗ್. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯಲ್ಲಿ ರಾಕ್ಷಸ ಪಾತ್ರಗಳಿಗೆ ಹೆಸರಾದವರು. ಮಗನೂ ಅದೇ ಕಂಪನಿಯಲ್ಲಿ ಪಳಗಿ, ‘ಭೂಕೈಲಾಸ’ದ ರಾವಣ, ‘ಮಹಿಷಾಸುರ ಮರ್ದಿನಿ’ಯ ಮಹಿಷಾಸುರ ಆಗಿ ಬಂದಿದ್ದರು. ಹಾಗಾಗಿ 1983ರ ಹಿರಣ್ಯಕಶಿಪುವಿನ ನಡಿಗೆಯಲ್ಲಿ ಎರಡು ತಲೆಮಾರಿನ ತಾಲೀಮು ಇತ್ತು. ಆ ಚಿತ್ರದ ಟ್ರಿಕ್ ದೃಶ್ಯಗಳು ಇವತ್ತಿನ ಮಕ್ಕಳಿಗೆ ಹಳೆಯವೆನಿಸಬಹುದು. ಸಿಂಹಾಸನದಿಂದ ಏಳುವ ರಾಜ್‌ಕುಮಾರ್ ಯಾರಿಗೂ ಹಳಬರೆನಿಸುವುದಿಲ್ಲ. ಎದುರಿಗೆ ನಿಂತ ಎಂಟು ವರ್ಷದ ಹುಡುಗ ನಿಜವಾಗಿಯೂ ಅಪ್ಪನನ್ನೇ ಎದುರಿಸುತ್ತಿದ್ದಾನೆ ಎಂಬುದು ತೆರೆಯ ಮೇಲೆ ಇನ್ನೊಂದು ಬಿಸಿ ತುಂಬುತ್ತದೆ. ಇಂಥದ್ದು ಚಿತ್ರಿಸಿದ ಮುಖಗಳಿಗೆ ದಕ್ಕುವ ಸಂಪತ್ತಲ್ಲ.

ಇದರ ಎದುರು ಬದಿಗೂ ಕನ್ನಡದಲ್ಲೇ ಉದಾಹರಣೆ ಇದೆ. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು 2016ರ ‘ನಾಗರಹಾವು’ ಚಿತ್ರದಲ್ಲಿ ಕೋಡಿ ರಾಮಕೃಷ್ಣ ಕಂಪ್ಯೂಟರಿನ ನೆರವಿನಿಂದ ಮತ್ತೆ ತಂದರು. ಬೇರೊಬ್ಬರ ಮೈಯ ಮೇಲೆ ಆ ಮುಖ ಬಂತು. ಅಭಿಮಾನಿಗಳು ಶಿಳ್ಳೆ ಹೊಡೆದರು. ಮುಖ ಅವರದೇ, ಆದರೆ ಆ ಹೆಜ್ಜೆ ಅವರದಲ್ಲ.

ಹೊಸ್ತಿಲು, ಮುಸ್ಸಂಜೆ, ತೊಡೆ

ಹಾಗಾದರೆ ಹೊಸ ನರಸಿಂಹನನ್ನು ಹೇಗೆ ಕಟ್ಟಬೇಕು? ಬಿಡಬೇಕಾದದ್ದನ್ನು ಮೊದಲು ಬಿಡಬೇಕು. ಅನಿಮೇಶನ್ ಚಿತ್ರದಲ್ಲಿ ವರಾಹಾವತಾರದಿಂದ ಕಥೆ ಏರುತ್ತದೆ. ಹಂದಿಯೊಂದು ಕೋರೆಯ ಮೇಲೆ ಭೂಮಿಯನ್ನು ಎತ್ತಿ ತರುವ ನೋಟ ಗೆರೆಗೇ ಸೇರಿದ್ದು, ಅದನ್ನು ನಟರ ಚಿತ್ರಕ್ಕೆ ಎಳೆದು ತಂದರೆ ಇನ್ನೊಂದು ತೇಲುವ ಬಂಡೆಯಾಗುತ್ತದೆ. ಎಲ್ಲವನ್ನೂ ನಟರಿಂದಲೇ ಮಾಡಿಸಬೇಕೆಂಬ ಹಟವೂ ಬೇಡ. ಮೃಣಾಲ್ ಸೇನ್ 1969ರ ‘ಭುವನ್ ಶೋಮ್’ ಎಂಬ ನಟರ ಚಿತ್ರದ ನಡುವೆ ರಾಮ್ ಮೋಹನ್ ಅವರ ಅನಿಮೇಶನ್ ತುಣುಕನ್ನು ಸಲೀಸಾಗಿ ಕೂರಿಸಿದ್ದರು. ಕರ್ನಾಟಕದಲ್ಲಿ ಅದಕ್ಕೆ ತೊಗಲುಗೊಂಬೆ ಇದೆ. ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ವಿದ್ಯೆಗೇ. ವರಾಹನ ಕಥೆಯನ್ನು ತೊಗಲುಗೊಂಬೆಯ ಪರದೆಯ ಮೇಲೆ ಐದು ನಿಮಿಷದಲ್ಲಿ ಹೇಳಿ ಮುಗಿಸಬಹುದು. ದೀಪದ ಬೆಳಕಿನಲ್ಲಿ ಅಲುಗುವ ಬಣ್ಣದ ಚರ್ಮ ಈ ನಾಡಿನ ಮೊದಲ ಅನಿಮೇಶನ್ ತಾನೆ?

ಇನ್ನು ಉಳಿಸಿಕೊಳ್ಳಬೇಕಾದದ್ದು. ಹಿರಣ್ಯಕಶಿಪು ಕೇಳಿದ ವರವನ್ನು ಸಿನಿಮಾದವನ ಕಣ್ಣಿನಲ್ಲಿ ಓದಿದರೆ ಅದೊಂದು ಶೂಟಿಂಗ್ ಪಟ್ಟಿ. ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ, ನೆಲವೂ ಅಲ್ಲ ಆಕಾಶವೂ ಅಲ್ಲ, ಮನುಷ್ಯನೂ ಅಲ್ಲ ಮೃಗವೂ ಅಲ್ಲ, ಆಯುಧವಂತೂ ಅಲ್ಲವೇ ಅಲ್ಲ. ಹೊತ್ತು, ಜಾಗ, ಎತ್ತರ, ಮುಖ, ಕೈ ಎಲ್ಲವನ್ನೂ ರಾಕ್ಷಸನೇ ಗೊತ್ತುಮಾಡಿಟ್ಟಿದ್ದಾನೆ.

ಚಿತ್ರಕಾರನಿಗೆ ಮುಸ್ಸಂಜೆ ಒಂದು ಬಣ್ಣ. ಕಂಪ್ಯೂಟರಿನಲ್ಲಿ ಆರಿಸಿ ಸುರಿದರೆ ತಿಂಗಳುಗಟ್ಟಲೆ ಅದು ಹಾಗೇ ಇರುತ್ತದೆ. ಕ್ಯಾಮೆರಾದವನಿಗೆ ಈ ಸೀಮೆಯಲ್ಲಿ ಸೂರ್ಯ ಮುಳುಗಿ ಕತ್ತಲು ಕವಿಯುವ ನಡುವೆ ಸಿಗುವುದು ದಿನಕ್ಕೆ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ತೆಂಗಿನ ಗರಿ ಕಪ್ಪಾಗಿ, ಆಕಾಶ ಇನ್ನೂ ತಾಮ್ರದ ಬಣ್ಣದಲ್ಲಿರುವ ಆ ಹೊತ್ತನ್ನು ಹದಿನೈದು ಸಂಜೆ ಕಾದು ಹಿಡಿದರೆ ಯಾವ ಸ್ಟುಡಿಯೊದ ಬೆಳಕೂ ಅದಕ್ಕೆ ಸರಿಗಟ್ಟಲಾರದು. ಬೆಳಕು ಜಾರುತ್ತಿದೆ ಎಂಬ ಆತುರ ನಟನ ಮೈಗೂ ಬರುತ್ತದೆ. ಹಿರಣ್ಯಕಶಿಪುವಿಗೂ ಆ ಸಂಜೆ ಹೊತ್ತು ಮೀರುತ್ತಿತ್ತಲ್ಲವೆ!

ನರಸಿಂಹನ ಪ್ರವೇಶವನ್ನು ಬಯಲಾಟದಿಂದ ಕಲಿಯಬೇಕು. ಕರಾವಳಿಯ ಬಣ್ಣದ ವೇಷವಾಗಲಿ, ಈ ಕಡೆಯ ಮೂಡಲಪಾಯವಾಗಲಿ, ಉಗ್ರ ಪಾತ್ರ ಒಮ್ಮೆಗೇ ಕಾಣಿಸಿಕೊಳ್ಳುವುದಿಲ್ಲ. ಇಬ್ಬರು ತೆರೆ ಹಿಡಿಯುತ್ತಾರೆ. ಮೊದಲು ಹಿಂದಿನಿಂದ ಅಬ್ಬರ ಕೇಳುತ್ತದೆ. ಆಮೇಲೆ ತೆರೆಯ ಅಂಚಿನ ಮೇಲೆ ಬೆರಳುಗಳು ಕಾಣುತ್ತವೆ, ಆಮೇಲೆ ಕಿರೀಟದ ತುದಿ. ಪಂಜಿಗೆ ರಾಳದ ಪುಡಿ ಎರಚಿದಾಗ ಭಗ್ಗನೆ ಎದ್ದ ಬೆಂಕಿಯಲ್ಲಿ ಮುಖ ಒಂದು ಚಣ ಹೊಳೆದು ಮರೆಯಾಗುತ್ತದೆ. ಮುಂದೆ ಕೂತ ಮಕ್ಕಳು ಅಮ್ಮನ ಸೆರಗಿಗೆ ಸರಿದಿರುತ್ತಾರೆ, ವೇಷ ಇನ್ನೂ ರಂಗಕ್ಕೆ ಬಂದೇ ಇಲ್ಲ. ಕಂಬ ಒಡೆಯುವ ದೃಶ್ಯವನ್ನು ಹೀಗೆ ಹಂಚಿದರೆ ಸಿಂಹದ ಮುಖ ಪೂರ್ತಿ ಕಾಣಬೇಕಾದ್ದು ಕೆಲವೇ ಸೆಕೆಂಡು. ಅಷ್ಟಕ್ಕೆ ಒಳ್ಳೆಯ ಮುಖವರ್ಣಿಕೆ, ಕೆತ್ತಿದ ಮೊಗ, ಅದರೊಳಗಿನಿಂದ ನೋಡುವ ನಟನ ನಿಜವಾದ ಕಣ್ಣು ಸಾಕು. ಗ್ರಾಫಿಕ್ಸ್‌ನ ಕೆಲಸ ಬಿರುಕು, ಧೂಳು, ಚೂರುಗಳಿಗೆ ಉಳಿಯಲಿ.

ಹೊಸ್ತಿಲಿಗೆ ಹಳೇಬೀಡಿಗೇ ಹೋಗಬೇಕೆನಿಸುತ್ತದೆ. ಹೋಗುವುದು ಬೇಡ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗದಲ್ಲಿ ಅನುಮತಿಯಿಲ್ಲದೆ ಕ್ಯಾಮೆರಾ ನಿಲ್ಲಿಸುವಂತಿಲ್ಲ, ಅನುಮತಿ ಸಿಕ್ಕರೂ ಕಂಬ ಒಡೆಯುವ ಆಟ ಅಲ್ಲಿ ಸಲ್ಲದು. ಕಣ್ಣಿಗೆ ಬೇಕಾದದ್ದನ್ನು ಅಲ್ಲಿ ಕಲಿತು ಬಂದು ಬೇರೆ ಕಡೆ ಸೆಟ್ ಹಾಕುವುದೇ ದಾರಿ. ಸೀನರಿ ಕಟ್ಟುವ ಕೈಗಳಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ.

ಕೊನೆಯದು ತೊಡೆ. ಅರಸೀಕೆರೆ ತಾಲ್ಲೂಕಿನಲ್ಲೇ ಎರಡು ಹೊಯ್ಸಳ ಲಕ್ಷ್ಮೀನರಸಿಂಹ ದೇವಾಲಯಗಳಿವೆ. ಒಂದು ಹಾರನಹಳ್ಳಿಯಲ್ಲಿ, ಇನ್ನೊಂದು ಜಾವಗಲ್ಲಿನಲ್ಲಿ, ಎರಡೂ 13ನೇ ಶತಮಾನದವು. ಹಳೇಬೀಡಿನ ಗೋಡೆಯಲ್ಲಿ ರಾಕ್ಷಸನನ್ನು ಕೆಡವಿಕೊಂಡ ತೊಡೆಯ ಮೇಲೆ ಲಕ್ಷ್ಮೀನರಸಿಂಹನ ರೂಪದಲ್ಲಿ ಲಕ್ಷ್ಮಿ ಕೂತಿರುತ್ತಾಳೆ. ಪ್ರಹ್ಲಾದನನ್ನು ಹತ್ತಿರ ಕರೆದು ಸಂತೈಸುವುದೂ ಅದೇ ಕೈ. ಗೆರೆಯ ಚಿತ್ರದಲ್ಲಿ ಈ ಬದಲಾವಣೆಗೆ ಎರಡು ಬೇರೆ ಮುಖ ಬರೆದರೆ ಆಯಿತು. ನಟನಾದವನು ಒಂದೇ ಮೈಯಲ್ಲಿ, ಕೊಯ್ದು ಕೊಯ್ದು ಅಂಟಿಸದ ಒಂದೇ ದೃಶ್ಯದಲ್ಲಿ, ಉಸಿರಿನ ಏರಿಳಿತದಿಂದ ಅದನ್ನು ಮಾಡಿ ತೋರಿಸಬೇಕು. ಹಾಗೆ ಮಾಡಬಲ್ಲ ನಟ ಸಿಕ್ಕದಿದ್ದರೆ ಅನಿಮೇಶನ್ ಚಿತ್ರವನ್ನು ಅದರ ಪಾಡಿಗೆ ಬಿಟ್ಟುಬಿಡುವುದೇ ಒಳ್ಳೆಯದು, 300 ಕೋಟಿಯ ಆಸೆಗೆ ಕೈ ಹಾಕಬಾರದು.

ಸಿನಿಮಾ ಮಾಡಬೇಕೆಂದಿರುವ ಈ ಸಭೆಯ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ಬೆಂಗಳೂರಿನ ಬಸ್ಸು ಹತ್ತುವ ಮುನ್ನ ಒಂದು ಸಂಜೆ ಹಾರನಹಳ್ಳಿಗೆ ಹೋಗಿ ಬನ್ನಿ. ದೇವಾಲಯದ ಬಾಗಿಲು ಹಾಕುವ ತನಕ ಅಲ್ಲಿದ್ದು ಕಲ್ಲಿನ ಮೇಲೆ ಬೆಳಕು ಹೇಗೆ ಇಳಿಯುತ್ತದೆ ನೋಡಿ. ಹತ್ತಿರದ ಯಾವ ಊರಿನಲ್ಲಾದರೂ ನಾಟಕದ ತಾಲೀಮು ನಡೆಯುತ್ತಿದ್ದರೆ ರಾತ್ರಿ ಅಲ್ಲಿಗೆ ಹೋಗಿ, ಗದೆ ಎತ್ತುವವನ ಮಂಡಿಯನ್ನು ಗಮನಿಸಿ, ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ‘ಮಹಾವತಾರ’ ಸರಣಿಯ ಮುಂದಿನ ಚಿತ್ರ ಬರುವುದು 2027ಕ್ಕೆ, ಕಲಿಯಲು ಸಮಯವಿದೆ.